ಲ್ಯಾವೆಂಡರ್ ಬೆಳೆಯದ ಸೀಮೆಯ ಬೇರು

ಗದ್ವಾಲ ಸೀರೆ ಮಾರುವವರು ಬಿಲ್ಲು ಹರಿದು ಕೈಗೆ ಕೊಡುವಾಗ ಒಂದು ಮಾತು ಸೇರಿಸುತ್ತಾರೆ: “ಡಾಂಬರ ಗುಳಿಗಿ ಮಾತ್ರ ಇದಕ್ಕ ತಾಗಿಸಬ್ಯಾಡ್ರಿ ಅಕ್ಕಾರ.” ಕಾರಣವಿದೆ. ಗದ್ವಾಲ ಸೀರೆಯ ಒಡಲು ಹತ್ತಿ, ದಡಿ ಮತ್ತು ಸೆರಗು ರೇಷ್ಮೆ, ಅದರ ಮೇಲೆ ಜರಿ. ಒಂದೇ ಸೀರೆಗೆ ಮೂರು ಕಾಟ. ಹತ್ತಿಗೆ ಹಾಕಿದ ಗಂಜಿಯ ಆಸೆಗೆ ಬೆಳ್ಳಿಹುಳ ಬರುತ್ತದೆ, ರೇಷ್ಮೆಗೆ ನುಸಿ ಬೀಳುತ್ತದೆ, ಇವೆರಡನ್ನೂ ಓಡಿಸಲೆಂದು ಇಟ್ಟ ಗುಳಿಗೆ ಜರಿಗೆ ತಾಗಿ ಅದರ ಹೊಳಪು ಕೆಡಿಸುತ್ತದೆ. ಗುಳಿಗೆ ಬರುವ ಮೊದಲು, ಕರ್ನಾಟಕದ ಗಡಿಗೆ ತಾಗಿದ ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲದ ಮನೆಗಳಲ್ಲಿ ಟ್ರಂಕಿನೊಳಗಿನ ಸೀರೆ ಹೇಗೆ ಉಳಿಯುತ್ತಿತ್ತು? ಮಡಿಕೆಗಳ ನಡುವೆ ಒಣಗಿಸಿದ ಬೇವಿನ ಎಲೆ ಇರುತ್ತಿತ್ತು. ಸ್ವಲ್ಪ ಅನುಕೂಲವಿದ್ದವರ ಮನೆಯಲ್ಲಿ ಅದರ ಜೊತೆಗೆ ಹಳೆಯ ಮಲ್ಲಿನ ಬಟ್ಟೆಯಲ್ಲಿ ಕಟ್ಟಿದ ಬೇರಿನ ಗಂಟೊಂದು. ಪುಸ್ತಕದ ಕನ್ನಡದಲ್ಲಿ ಅದು ಲಾವಂಚ, ಉತ್ತರದ ನಮ್ಮ ಕಡೆ ಬಾಳದ ಬೇರು, ತೆಲುಗಿನವರಿಗೆ ವಟ್ಟಿವೇರು, ಉರ್ದು ಮಾತಾಡುವವರಿಗೆ ಖಸ್. ಈ ಮೂರೂ ಊರಿನ ಪೇಟೆಯಲ್ಲಿ ಯಾವ ಹೆಸರು ಹೇಳಿ ಕೇಳಿದರೂ ಅದೇ ಬೇರು ಕೈಗೆ ಬರುತ್ತದೆ.

ಇದೇ ಕೆಲಸಕ್ಕೆ ಯುರೋಪಿನ ಹಳ್ಳಿಗಳಲ್ಲಿ ಇದ್ದದ್ದು ಲ್ಯಾವೆಂಡರ್. ಒಗೆದು ಮಡಿಸಿದ ಬಟ್ಟೆಗಳ ಕಪಾಟಿನಲ್ಲಿ ಒಣಹೂವಿನ ಪುಟ್ಟ ಚೀಲ, ಸ್ನಾನದ ನೀರಿಗೆ ಒಂದು ಹಿಡಿ, ತಲೆನೋವಿಗೆ ಹಣೆಗೆ ಹಚ್ಚುವ ಎಣ್ಣೆ, ನಿದ್ದೆ ಬರದವರ ದಿಂಬಿನೊಳಗೆ ನಾಲ್ಕು ತೆನೆ. ರೋಮನ್ನರ ಕಾಲದಿಂದಲೂ ಅಲ್ಲಿ ಅದು ಮನೆಮಾತು. ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಬಹುಕಾಲ ಅದನ್ನು ಯಾರೂ ಬಿತ್ತಿ ಬೆಳೆಯುತ್ತಿರಲಿಲ್ಲ. ಬೆಟ್ಟದ ಕಲ್ಲುನೆಲದಲ್ಲಿ ತಾನಾಗಿ ಬೆಳೆದದ್ದನ್ನು ಕುರಿಗಾಹಿಗಳು, ಬಡರೈತರು ಕುಡುಗೋಲಿನಿಂದ ಕೊಯ್ದು ಎಣ್ಣೆ ಇಳಿಸುವವರಿಗೆ ಮಾರುತ್ತಿದ್ದರು. ಗ್ರಾಸ್ ಪಟ್ಟಣದ ಸುಗಂಧದ ಕಾರ್ಖಾನೆಗಳಿಗೆ ಬೇಡಿಕೆ ಏರಿದ ಮೇಲೆಯೇ ಅದು ಹೊಲದ ಬೆಳೆಯಾಯಿತು. ಇಂದು ಕ್ಯಾಲೆಂಡರಿನಲ್ಲಿ ಕಾಣುವ ಪ್ರೊವಾನ್ಸಿನ ನೇರಳೆ ಸಾಲುಗಳಲ್ಲಿ ಬಹುಪಾಲು ಅಸಲಿ ಲ್ಯಾವೆಂಡರ್ ಅಲ್ಲ, ಲ್ಯಾವೆಂಡಿನ್ ಎಂಬ ಮಿಶ್ರತಳಿ. ಎಣ್ಣೆ ಹೆಚ್ಚು, ಪರಿಮಳ ಸ್ವಲ್ಪ ಒರಟು, ತಗ್ಗಿನ ನೆಲದಲ್ಲೂ ಬರುತ್ತದೆ, ಯಂತ್ರದಿಂದ ಕೊಯ್ಯಬಹುದು. ಎಣ್ಣೆಯ ಉತ್ಪಾದನೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಬಲ್ಗೇರಿಯ ಫ್ರಾನ್ಸನ್ನೇ ಹಿಂದೆ ಹಾಕಿದೆ.

ಲ್ಯಾವೆಂಡರಿನ ಕಥೆ ಹೇಳುವವರೆಲ್ಲ ರಸಾಯನತಜ್ಞ ರೆನೆ-ಮೋರಿಸ್ ಗಟ್‌ಫೋಸೆಯನ್ನು ತಪ್ಪದೆ ತರುತ್ತಾರೆ. ಕೈ ಸುಟ್ಟುಕೊಂಡ, ಪಕ್ಕದಲ್ಲಿದ್ದ ಲ್ಯಾವೆಂಡರ್ ಎಣ್ಣೆಯ ಪಾತ್ರೆಗೆ ಕೈ ಅದ್ದಿದ, ಗಾಯ ಮಾಯವಾಯಿತು ಎಂಬುದು ಜನಪ್ರಿಯ ರೂಪ. ನಡೆದದ್ದು ಅಷ್ಟು ಚಂದವಾಗಿರಲಿಲ್ಲ. 1910ರಲ್ಲಿ ಪ್ರಯೋಗಶಾಲೆಯ ಸ್ಫೋಟದಲ್ಲಿ ಅವನ ಕೈಗಳು ಸುಟ್ಟು, ಗಾಯ ಕೊಳೆಯತೊಡಗಿದಾಗ ಆತ ಲ್ಯಾವೆಂಡರ್ ಎಣ್ಣೆಯಿಂದ ಅದನ್ನು ತೊಳೆದ. 1937ರಲ್ಲಿ ಸುಗಂಧತೈಲಗಳ ಚಿಕಿತ್ಸೆಯ ಬಗ್ಗೆ ‘ಅರೋಮಾಥೆರಪಿ’ ಎಂಬ ಪುಸ್ತಕ ಬರೆದ. ಇಂದು ಬ್ಯೂಟಿ ಪಾರ್ಲರಿನ ಬೋರ್ಡಿನ ಮೇಲೆ ಕಾಣುವ ಪದ ಅಲ್ಲಿಂದ ಬಂದದ್ದು.

ಈಗ ಲ್ಯಾವೆಂಡರ್ ಆಸೆ ನಮ್ಮ ಕಡೆಗೂ ಹಬ್ಬಿದೆ. ಜಮ್ಮುವಿನ ದೋಡಾ ಜಿಲ್ಲೆಯ ಭದರ್ವಾಹದಲ್ಲಿ ಮೆಕ್ಕೆಜೋಳ ಬಿಟ್ಟು ಲ್ಯಾವೆಂಡರ್ ಹಿಡಿದ ರೈತರ ಸುದ್ದಿ, ‘ನೇರಳೆ ಕ್ರಾಂತಿ’ ಎಂಬ ಹೆಸರಿನಲ್ಲಿ, ಮೊಬೈಲಿಗೆ ಬಾರದ ದಿನವಿಲ್ಲ. ಸಿಎಸ್‌ಐಆರ್ ಸಂಸ್ಥೆಯ ಅರೋಮಾ ಮಿಷನ್ ಅಡಿಯಲ್ಲಿ, ಜಮ್ಮುವಿನ ಐಐಐಎಂ ಸಂಶೋಧನಾಲಯ ಸಸಿ ಕೊಟ್ಟು, ಎಣ್ಣೆ ಇಳಿಸುವ ಭಟ್ಟಿ ಹಾಕಿಸಿಕೊಟ್ಟು ಬೆಳೆಸಿದ ಕೆಲಸ ಅದು, ಮೆಚ್ಚಬೇಕಾದದ್ದೇ. ಆದರೆ ಆ ವಿಡಿಯೋ ನೋಡಿ ಮಕ್ತಲಿನ ಹೊಲಕ್ಕೆ ಆನ್‌ಲೈನಿನಲ್ಲಿ ಲ್ಯಾವೆಂಡರ್ ಬೀಜ ತರಿಸುವವರಿಗೆ ಹೇಳಬೇಕಾದ ಮಾತು ಒಂದೇ: ದುಡ್ಡು ಉಳಿಸಿಕೊಳ್ಳಿ. ಆ ಗಿಡಕ್ಕೆ ಚಳಿಗಾಲದಲ್ಲಿ ನಿಜವಾದ ಚಳಿ ಬೇಕು, ಬೇಸಿಗೆಯಲ್ಲಿ ತಂಪು ಇರುಳು ಬೇಕು, ಬೇರಿನ ಬುಡದಲ್ಲಿ ನೀರು ನಿಲ್ಲಬಾರದು. ಭದರ್ವಾಹ ಹಿಮ ಬೀಳುವ ಊರು. ಕೃಷ್ಣಾ ದಂಡೆಯ ಈ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಸಾಮಾನ್ಯ, ಮಳೆ ಬಿದ್ದರೆ ಎರೆಭೂಮಿ ಕಾಲು ಹಿಡಿಯುತ್ತದೆ. ಕುಂಡದಲ್ಲಿ ಒಂದು ವರ್ಷ ಬದುಕೀತು, ಹೊಲದಲ್ಲಿ ಬದುಕದು.

ಹಾಗೆಂದು ಲ್ಯಾವೆಂಡರ್ ಕುಲಕ್ಕೂ ಈ ನೆಲಕ್ಕೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. ದಖ್ಖನಿನ ಒಣಬೆಟ್ಟಗಳಲ್ಲಿ, ಕಲ್ಲುಬೋರೆಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಹೂ ಬಿಡುವ ‘ಲವಂಡುಲ ಬೈಪಿನ್ನಾಟ’ ಎಂಬ ಕಾಡುಗಿಡ ಅದೇ ಕುಲದ್ದು. ಎಲೆ ಸಣ್ಣಗೆ ಸೀಳಿದಂತೆ, ತೆನೆಯ ಮೇಲೆ ಬಿಳಿ ಅಥವಾ ತಿಳಿನೀಲಿಯ ಹೂ. ಪ್ರೊವಾನ್ಸಿನ ಬಂಧುವಿನ ಪರಿಮಳ ಮಾತ್ರ ಇದಕ್ಕೆ ಬರಲಿಲ್ಲ. ಯಾರೂ ಇದನ್ನು ಪೇಟೆಗೆ ತರಲಿಲ್ಲ. ದನ ಮೇಯಿಸುವವರ ಕಾಲಡಿಯಲ್ಲೇ ಉಳಿಯಿತು.

ಇನ್ನೊಂದು ಸಂಬಂಧ ಹಕೀಮರ ಅಂಗಡಿಯದು. ನಾರಾಯಣಪೇಟೆ, ಗದ್ವಾಲ ಎರಡೂ ಹೈದರಾಬಾದ್ ಸಂಸ್ಥಾನದಲ್ಲಿದ್ದ ಊರುಗಳು. ಆ ಸಂಸ್ಥಾನದಲ್ಲಿ ಯುನಾನಿ ವೈದ್ಯಕ್ಕೆ ಸರ್ಕಾರದ ಆಸರೆಯಿತ್ತು. ಚಾರ್ಮಿನಾರಿನ ಪಕ್ಕದ ನಿಜಾಮಿಯಾ ಯುನಾನಿ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ. ಯುನಾನಿಯಲ್ಲಿ ‘ಉಸ್ತುಖುದ್ದೂಸ್’ ಎಂದು ಕರೆಯುವ ಒಣಹೂ ಲ್ಯಾವೆಂಡರಿನದೇ ಒಂದು ಜಾತಿ, ಮೆಡಿಟರೇನಿಯನ್ ಕಡಲತೀರದ್ದು. ‘ಇತ್ರಿಫಲ್ ಉಸ್ತುಖುದ್ದೂಸ್’ ಎಂಬ ಲೇಹ್ಯ ಹಳೆಯ ತಲೆನೋವಿಗೆ, ಬಿಡದ ನೆಗಡಿಗೆ ಕೊಡುವ ಮದ್ದು. ಮಿದುಳಿನ ಕಸಬರಿಗೆ ಎಂದು ಹಕೀಮರು ಈ ಹೂವಿಗೆ ಅಡ್ಡಹೆಸರಿಟ್ಟಿದ್ದಾರೆ. ಸಂತೆಗೆ ಬಂದ ರೈತ ತಲೆ ಹಿಡಿದುಕೊಂಡು ಹಕೀಮರ ಜಗಲಿಯಲ್ಲಿ ಕುಳಿತಾಗ ಅವನ ಬಾಯಿಗೆ ಬಿದ್ದದ್ದು ತ್ರಿಫಲೆಯ ಜೊತೆ ಅರೆದ ಲ್ಯಾವೆಂಡರ್. ಅವನಿಗೆ ಅದು ಗೊತ್ತಿರಲಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ.

ಆದರೆ ಹಕೀಮರ ಪೊಟ್ಟಣದಲ್ಲಿ ಬಂದ ಲ್ಯಾವೆಂಡರ್ ಪೊಟ್ಟಣದಲ್ಲೇ ಉಳಿಯಿತು. ಬಟ್ಟೆ, ನೀರು, ಗಾಳಿ, ಹೊಲದ ಬದು — ಇಷ್ಟೂ ಕಡೆ ಕೆಲಸ ಮಾಡಿದ್ದು ಲಾವಂಚ. ನನಗೆ ಕೇಳಿದರೆ, ಲ್ಯಾವೆಂಡರಿಗಿಂತ ಇದು ಒಂದು ಕೈ ಮೇಲು.

ಲಾವಂಚ ಹುಲ್ಲು. ಆಳೆತ್ತರ ಬೆಳೆಯುವ, ಮೂಸಿದರೆ ಏನೂ ವಾಸನೆಯಿಲ್ಲದ, ದನ ಕೂಡ ಎಳೆಯದಾಗಿದ್ದಾಗ ಮಾತ್ರ ಬಾಯಿ ಹಾಕುವ ಪೊದೆ. ಗುಟ್ಟೆಲ್ಲ ನೆಲದ ಕೆಳಗೆ. ಬೇರು ಪಕ್ಕಕ್ಕೆ ಹರಡುವುದಿಲ್ಲ, ನೆಟ್ಟಗೆ ಇಳಿಯುತ್ತದೆ. ಒಳ್ಳೆಯ ನೆಲ ಸಿಕ್ಕರೆ ಮೂರು ಮೀಟರ್ ಆಳಕ್ಕೂ. ಎಣ್ಣೆ ಇರುವುದು ಆ ಬೇರಿನಲ್ಲಿ. ದಕ್ಷಿಣ ಭಾರತದ ತಳಿಯಲ್ಲಿ ಹೂ ಬಂದರೂ ಬೀಜ ಕಟ್ಟುವುದಿಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಅದು ಕಳೆಯಾಗಿ ಹೊಲ ತುಂಬುವ ಭಯವಿಲ್ಲ. ಯಾರೋ ಬುಡ ಸೀಳಿ ನೆಟ್ಟರೆ ಮಾತ್ರ ಇನ್ನೊಂದು ಕಡೆ ಹುಟ್ಟುತ್ತದೆ. ನಾವು ಇಂದು ಕಾಣುವ ಒಂದೊಂದು ಪೊದೆಯ ಹಿಂದೆಯೂ ಅದನ್ನು ಕೈಯಾರೆ ನೆಟ್ಟವರ ಸಾಲು ಇದೆ.

ಅದರ ನೆನಪು ಸಾಹಿತ್ಯದಲ್ಲೂ ಶಾಸ್ತ್ರದಲ್ಲೂ ಹಳೆಯದು. ಸಂಸ್ಕೃತದಲ್ಲಿ ಉಶೀರ. ಕಾಳಿದಾಸನ ಶಕುಂತಲೆಗೆ ಬೇಗೆ ಹತ್ತಿದಾಗ ಸಖಿ ಒಯ್ಯುವುದು ಉಶೀರದ ಲೇಪನ. ಆಯುರ್ವೇದದಲ್ಲಿ ಜ್ವರದ ಬಾಯಾರಿಕೆಗೆ ಕೊಡುವ ಷಡಂಗ ಪಾನೀಯದ ಆರು ದ್ರವ್ಯಗಳಲ್ಲಿ ಇದೂ ಒಂದು. ವರಾಹಮಿಹಿರನ ಬೃಹತ್ಸಂಹಿತೆ ಬಾವಿಯ ನೀರು ಕದಡಿ ಕೆಟ್ಟಿದ್ದರೆ ಅದಕ್ಕೆ ಹಾಕಬೇಕಾದ ಪುಡಿಯ ಪಟ್ಟಿ ಕೊಡುತ್ತದೆ: ಭದ್ರಮುಷ್ಟಿ, ನೆಲ್ಲಿ, ಚಿಲ್ಲದ ಬೀಜಗಳ ಜೊತೆಗೆ ಉಶೀರ. ನಮ್ಮ ಸೀಮೆಗೆ ಇನ್ನೂ ಹತ್ತಿರ ಬಂದರೆ, ಈ ಊರುಗಳೆಲ್ಲ ಕಲ್ಯಾಣದ ಚಾಲುಕ್ಯರ ನೆಲ. 1025ರಲ್ಲಿ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ ಬೇಸಾಯ, ಅಡಿಗೆ, ಬಾವಿ ತೋಡುವ ಜಾಗ ಗುರುತಿಸುವುದು ಎಲ್ಲವನ್ನೂ ಹೇಳಿ, ಸುಗಂಧ ತಯಾರಿಸುವುದಕ್ಕೂ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ನೂರು ವರ್ಷದ ಮೇಲೆ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ಲೇಪನ, ಧೂಪಗಳ ಸಾಲಿನಲ್ಲೇ ಕುಡಿಯುವ ನೀರಿಗೆ ಪರಿಮಳ ಕಟ್ಟುವ ಬಗೆಯನ್ನೂ ವಿವರಿಸುತ್ತಾನೆ. ಬಿಸಿಲ ನಾಡಿನ ಅರಸನಿಗೆ ನೀರು ಎಂಥ ಭೋಗವಾಗಿತ್ತೆಂದು ಅದನ್ನು ಓದಿದರೆ ತಿಳಿಯುತ್ತದೆ.

ಬೇರನ್ನು ನೀರಿನಿಂದ ಗಾಳಿಗೆ ತಂದ ಕೀರ್ತಿಯನ್ನು ಅಬುಲ್ ಫಜಲ್ ಅಕ್ಬರನಿಗೆ ಕೊಡುತ್ತಾನೆ. ಖಸ್ ಬೇರಿನ ತಟ್ಟಿಗಳನ್ನು ಕಟ್ಟಿಸಿ ಅದರ ಮೇಲೆ ನೀರು ಚಿಮುಕಿಸಿದರೆ ಬೇಸಿಗೆಯ ನಡುವೆ ಚಳಿಗಾಲ ಬರುತ್ತದೆಂದು ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿದ್ದಾನೆ. ಆಸ್ಥಾನದ ಲೇಖಕನ ಮಾತು, ಸ್ವಲ್ಪ ಸೋಡಿ ಬಿಟ್ಟುಕೊಳ್ಳಬೇಕು. ಆದರೂ ಖಸ್ ತಟ್ಟಿ ಮೊಗಲರಿಂದ ನವಾಬರಿಗೆ, ನವಾಬರಿಂದ ಇಂಗ್ಲಿಷ್ ಸಾಹೇಬರ ಬಂಗಲೆಗೆ, ಕೊನೆಗೆ ತಾಲ್ಲೂಕು ಕಚೇರಿಗೆ ಇಳಿದದ್ದು ನಿಜ.

ತಟ್ಟಿ ಕಟ್ಟುವ ಕೆಲಸ ನೋಡುವುದಕ್ಕೆ ಸರಳ. ಬಿದಿರಿನ ಸೀಳುಗಳನ್ನು ಬಾಗಿಲಿನ ಅಳತೆಗೆ ಅಡ್ಡ-ಉದ್ದ ಕಟ್ಟಿ ಚೌಕಟ್ಟು ಮಾಡುತ್ತಾರೆ. ಬೇರನ್ನು ನೀರಲ್ಲಿ ನೆನೆಸಿ, ಮಣ್ಣು ತೊಳೆದು, ಸಿಕ್ಕು ಬಿಡಿಸಿ ಚೌಕಟ್ಟಿನ ಮೇಲೆ ಹಾಸುತ್ತಾರೆ. ಇಲ್ಲೇ ಕೈಚಳಕ ಬೇಕು: ದಪ್ಪವಾದರೆ ಗಾಳಿ ನುಗ್ಗದು, ತೆಳುವಾದರೆ ನೀರು ನಿಲ್ಲದು. ಮೇಲೆ ಇನ್ನೊಂದು ಸೀಳಿನ ಜಾಲರಿ ಇಟ್ಟು ಹುರಿಯಿಂದ ಬಿಗಿಯುತ್ತಾರೆ. ಪಡುಗಾಳಿ ಬೀಸುವ ದಿಕ್ಕಿನ ಬಾಗಿಲಿಗೆ ಅದನ್ನು ತೂಗುಹಾಕಿ, ಹೊತ್ತೇರಿದಾಗ ಚೊಂಬಿನಿಂದ ಮೊದಲ ನೀರು ಎರಚುತ್ತಿದ್ದಂತೆ ಒಂದು ವಾಸನೆ ಏಳುತ್ತದೆ; ಮುಂಗಾರಿನ ಮೊದಲ ಹನಿಗೆ ಹೊಲ ಬಿಡುವ ಉಸಿರಿಗೆ ಸ್ವಲ್ಪ ಗಂಧ ಬೆರೆಸಿದ ಹಾಗೆ. ಲ್ಯಾವೆಂಡರಿನದು ಹೂವಿನ ಪರಿಮಳ, ಬಂದಷ್ಟೇ ಬೇಗ ಹೋಗುತ್ತದೆ. ಲಾವಂಚದ ಎಣ್ಣೆ ಮಂದ, ಬೇಗ ಹಾರುವುದಿಲ್ಲ. ಸುಗಂಧ ತಯಾರಿಸುವವರು ಉಳಿದ ಪರಿಮಳಗಳನ್ನು ಹಿಡಿದು ನಿಲ್ಲಿಸಲು ಅದನ್ನು ತಳಪಾಯವಾಗಿ ಬಳಸುವುದು ಈ ಗುಣಕ್ಕಾಗಿಯೇ.

ತಂಪಿನ ಲೆಕ್ಕ ಅಬುಲ್ ಫಜಲನ ಹೊಗಳಿಕೆಗಿಂತ ಗಟ್ಟಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು. ಆ ಶಾಖವನ್ನು ಅದು ಸುತ್ತಲಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಗಾಳಿ ಒಣಗಿದಷ್ಟೂ ಆವಿ ಹೆಚ್ಚು, ತಂಪೂ ಹೆಚ್ಚು. ಮಂಗಳೂರಿನ ಮೇ ತಿಂಗಳಲ್ಲಿ ಖಸ್ ತಟ್ಟಿ ಕಟ್ಟಿದರೆ ಮೈ ಇನ್ನಷ್ಟು ಜಿಗುಟಾಗುವುದಷ್ಟೆ, ಏಕೆಂದರೆ ಅಲ್ಲಿನ ಗಾಳಿಯೇ ನೀರು ಕುಡಿದು ತೇಗುತ್ತಿರುತ್ತದೆ. ರಾಯಚೂರು, ಗದ್ವಾಲ, ನಾರಾಯಣಪೇಟೆಯ ಒಣಬಿಸಿಲಿನಲ್ಲಿ ಅದೇ ತಟ್ಟಿ ಒಳಬರುವ ಗಾಳಿಯನ್ನು ಹತ್ತು ಡಿಗ್ರಿಗೂ ಹೆಚ್ಚು ಇಳಿಸಬಲ್ಲದು. ಇಂದಿನ ಏರ್‌ಕೂಲರ್ ಅದೇ ತತ್ವಕ್ಕೆ ಮೋಟರು, ಪಂಪು ಜೋಡಿಸಿದ ರೂಪ. ಕೂಲರಿನ ಬದಿಗಳಿಗೆ ಮೊದಲು ಖಸ್ ಹಾಕುತ್ತಿದ್ದರು. ನಂತರ ಅಗ್ಗದ ಮರದ ಎಳೆಗಳ ಪ್ಯಾಡು ಬಂತು, ಈಗ ಜೇನುಗೂಡಿನಂಥ ಕಾಗದದ ಪ್ಯಾಡು. ಹೊಸ ಪ್ಯಾಡು ಬಾಳಿಕೆ ಬರುತ್ತದೆ, ತಂಪೂ ಕೊಡುತ್ತದೆ, ಒಪ್ಪಬೇಕು. ವಾಸನೆ ಮಾತ್ರ ನಿಂತ ನೀರಿನದು.

ಗಡಿಯ ಕಥೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರಿಗೆ ಬಂತು, ಈ ಎರಡು ತಾಲ್ಲೂಕು ಆಂಧ್ರಕ್ಕೆ ಹೋದವು. ತೆಲಂಗಾಣ ಬೇರೆಯಾದ ಮೇಲೆ 2016ರಲ್ಲಿ ಜೋಗುಲಾಂಬ ಗದ್ವಾಲ ಜಿಲ್ಲೆ, 2019ರ ಫೆಬ್ರವರಿಯಲ್ಲಿ ನಾರಾಯಣಪೇಟೆ ಜಿಲ್ಲೆ ಆದವು. ಮಕ್ತಲ್, ಮಾಗನೂರು, ಕೃಷ್ಣ ಮಂಡಲಗಳು ನಾರಾಯಣಪೇಟೆಗೆ ಸೇರಿದವು. ಕೃಷ್ಣೆ ತೆಲಂಗಾಣಕ್ಕೆ ಕಾಲಿಡುವುದು ಅಲ್ಲಿನ ತಂಗಡಿಯಲ್ಲಿ, ಭೀಮೆ ಬಂದು ಸೇರುವ ಕಡೆ. ಆ ದಂಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ನಕ್ಷೆಯ ಗೆರೆ ಹೀಗೆ ಎಷ್ಟು ಸಲ ಸರಿದರೂ ಬೇಸಿಗೆಯ ಪದ್ಧತಿಗಳು ಸರಿಯಲಿಲ್ಲ. ಮಣ್ಣಿನ ರಂಜಣಿಗೆಗೆ ತೆಳುಬಟ್ಟೆಯಲ್ಲಿ ಕಟ್ಟಿದ ಬಾಳದ ಬೇರು ಇಳಿಬಿಡುವುದು ಹೊಳೆಯ ಎರಡೂ ದಂಡೆಯ ರೂಢಿ. ದಾರಿಹೋಕರಿಗೆ ನೀರು ಕೊಡುವ ಜಾಗ ಕನ್ನಡದವರಿಗೆ ಅರವಟಿಗೆ, ತೆಲುಗಿನವರಿಗೆ ಚಲಿವೇಂದ್ರಂ. ಅಲ್ಲಿನ ಗಡಿಗೆಯಲ್ಲೂ, ನೀರು ಇಡಿಸಿದವರು ಮನಸ್ಸು ಮಾಡಿದ್ದರೆ, ಇದೇ ಬೇರು.

ಶರಬತ್ತಿನ ವಿಷಯಕ್ಕೆ ಬಂದರೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಖಸ್ ಎಂದು ಮಾರುವ ಗಿಳಿಹಸಿರು ಬಾಟಲಿಯ ಬಣ್ಣಕ್ಕೂ ಬೇರಿಗೂ ಸಂಬಂಧವಿಲ್ಲ. ಬೇರು ನೆನೆಸಿದ ನೀರು ತಿಳಿಕಂದು. ಕನೌಜಿನಲ್ಲಿ ತಾಮ್ರದ ಹಂಡೆಯಲ್ಲಿ ಇಳಿಸುವ ‘ರೂಹ್ ಖಸ್’ಗೆ ಸ್ವಲ್ಪ ಹಸಿರುಛಾಯೆ ಬರುವುದುಂಟು, ಅದು ತಾಮ್ರದ ಕೊಡುಗೆ. ಜನರಿಗೆ ಹಸಿರೇ ಬೇಕೆಂದು ತಯಾರಕರು ಬಣ್ಣ ಸುರಿದರು, ಈಗ ಕಂದುಬಣ್ಣದ ಅಸಲಿ ಶರಬತ್ತು ಕೊಟ್ಟರೆ ಜನ ನಕಲಿ ಎನ್ನುತ್ತಾರೆ. ಮನೆಯಲ್ಲೇ ಮಾಡುವುದು ಸುಲಭ: ತೊಳೆದ ಬೇರನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಸೋಸಿ, ಆ ನೀರಿಗೆ ಸಕ್ಕರೆ ಹಾಕಿ ಪಾಕ ಕಾಯಿಸಿ, ಆರಿದ ಮೇಲೆ ನಿಂಬೆರಸ.

ಬೇರು ಕೊಳ್ಳುವುದಕ್ಕೂ ಜಾಣತನ ಬೇಕು. ಅತ್ತಾರರ ಅಂಗಡಿಯಲ್ಲೋ ಪೂಜಾ ಸಾಮಾನಿನ ಅಂಗಡಿಯಲ್ಲೋ ತೂಗುಹಾಕಿದ ಕಟ್ಟುಗಳೆಲ್ಲ ಒಂದೇ ಥರ ಕಾಣುತ್ತವೆ. ಎಣ್ಣೆ ಇಳಿಸಿ ಬಿಸಾಡಿದ ಬೇರನ್ನೇ ಒಣಗಿಸಿ ಮತ್ತೆ ಮಾರುವುದೂ ನಡೆಯುತ್ತದೆ. ಎರಡು ಎಳೆ ಕಿತ್ತು ಅಂಗೈಯಲ್ಲಿಟ್ಟು ನಾಲ್ಕು ಹನಿ ನೀರು ಹಾಕಿ ಉಜ್ಜಿ ನೋಡಿ. ಅಸಲಿಯಾದರೆ ಒಣಗಿದ್ದಾಗ ಸುಮ್ಮನಿದ್ದ ಬೇರು ನೀರು ತಾಗಿದ ಕೂಡಲೇ ಬಾಯಿ ಬಿಡುತ್ತದೆ. ಎಳೆ ತೆಳ್ಳಗೆ, ಬಾಗಿದರೆ ಮುರಿಯದೆ ಸುತ್ತಿಕೊಳ್ಳುವಂತಿರಬೇಕು. ಭಟ್ಟಿಯಿಂದ ಬಂದದ್ದು ಕಪ್ಪಾಗಿ, ಪಟ್ಟನೆ ಮುರಿಯುತ್ತದೆ. ಬೆಳ್ಳಗೆ ಹೊಳೆಯುವಂತೆ ತೊಳೆದಿದ್ದೇ ಒಳ್ಳೆಯದೆಂದು ತಿಳಿಯಬೇಡಿ. ಸ್ವಲ್ಪ ಮಣ್ಣು ಮೆತ್ತಿದ್ದರೆ ಅದು ಹೊಲದಿಂದ ಬಂದದ್ದಕ್ಕೆ ರುಜು.

ಸೀರೆಯ ಟ್ರಂಕಿಗೆ ಇಡುವವರು ಇನ್ನೆರಡು ವಿಷಯ ಗಮನಿಸಬೇಕು. ಬೇರು ಪೂರಾ ಒಣಗಿರಬೇಕು. ಹಸಿ ಇದ್ದರೆ ಬೂಷ್ಟು ಹಿಡಿದು ಸೀರೆಯನ್ನೇ ಕೆಡಿಸುತ್ತದೆ. ಸೀರೆ ಇಡುವ ಮೊದಲು ಗಂಜಿ ತೆಗೆದು ಒಗೆದಿರಬೇಕು. ಲಾವಂಚ ಹುಳವನ್ನು ಕೊಲ್ಲುವುದಿಲ್ಲ, ದೂರ ಇಡುತ್ತದೆ. ಗೆದ್ದಲು ಕೂಡ ಅದರ ಎಣ್ಣೆಯಿಂದ ದೂರ ಸರಿಯುವುದನ್ನು ಅಮೆರಿಕದ ಲೂಸಿಯಾನ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಆ ಎಣ್ಣೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ನೂಟ್‌ಕಟೋನ್ ಎಂಬ ಅಂಶಕ್ಕೆ 2020ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸೊಳ್ಳೆ, ಉಣುಗುಗಳನ್ನು ದೂರವಿಡುವ ವಸ್ತುವಾಗಿ ಮನ್ನಣೆ ಕೊಟ್ಟಿತು. ತಮಾಷೆಯೆಂದರೆ ಅದೇ ಲೂಸಿಯಾನದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಹಿಂದಿನ ಕಾಲದ ಹೆಂಗಸರು ಬಟ್ಟೆಯ ಕಪಾಟಿಗೆ ಲ್ಯಾವೆಂಡರಿಗೆ ಬದಲು ಲಾವಂಚದ ಬೇರನ್ನೇ ಇಡುತ್ತಿದ್ದರು. ಬಿಸಿಲೂರಿನವರ ಬುದ್ಧಿ ಎಲ್ಲಿದ್ದರೂ ಒಂದೇ.

ಇಷ್ಟರಲ್ಲೇ ಮುಗಿಸಿದ್ದರೆ ಇದು ಹಳೆಯ ಮನೆಗಳ ನೆನಪಾಗಿ ನಿಲ್ಲುತ್ತಿತ್ತು. ಲಾವಂಚದ ದೊಡ್ಡ ಕೆಲಸ ಹೊಲದ ಬದುವಿನದು, ಅದನ್ನು ಬಹಳ ಹಿಂದೆಯೇ ಕಂಡುಕೊಂಡವರಲ್ಲಿ ಕರ್ನಾಟಕದ ರೈತರೂ ಇದ್ದರು. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಸೀಮೆಯಲ್ಲಿ ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚವನ್ನು ಸಾಲಾಗಿ ನೆಡುವ ವಾಡಿಕೆಯಿತ್ತು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಲಾನಯನ ಯೋಜನೆಗೆಂದು ಬಂದಿದ್ದ ಜಾನ್ ಗ್ರೀನ್‌ಫೀಲ್ಡ್, ಫಿಜಿ ದ್ವೀಪದ ಕಬ್ಬಿನ ತೋಟಗಳಲ್ಲಿ ಈ ಹುಲ್ಲಿನ ಸಾಲು ಮಣ್ಣು ಹಿಡಿಯುವುದನ್ನು ಮೊದಲೇ ಕಂಡಿದ್ದರು. ಅವರೂ ಬ್ಯಾಂಕಿನ ಕೃಷಿ ವಿಭಾಗದ ರಿಚರ್ಡ್ ಗ್ರಿಮ್‌ಶಾ ಅವರೂ ಸೇರಿ ಭಾರತದಲ್ಲಿ ಇದನ್ನು ಪ್ರಚಾರಕ್ಕೆ ತಂದರು. 1987ರಲ್ಲಿ ರೈತರಿಗಾಗಿ ಒಂದು ಪುಟ್ಟ ಕೈಪಿಡಿ ಹೊರಬಂತು. ಆ ಯೋಜನೆಯ ಕ್ಷೇತ್ರಗಳಲ್ಲಿ ಕರ್ನಾಟಕದ ಕಬ್ಬಾಳನಾಲವೂ ಹೈದರಾಬಾದಿನ ಹೊರವಲಯದ ಮಹೇಶ್ವರವೂ ಇದ್ದವು. ಆಮೇಲೆ ಥಾಯ್ಲೆಂಡಿನ ದೊರೆ ಭೂಮಿಬಲ್ ತನ್ನ ದೇಶದ ಬೆಟ್ಟಗಳಿಗೆಲ್ಲ ಇದನ್ನು ಹಬ್ಬಿಸಿದ. ಇಂದು ಆಫ್ರಿಕದಿಂದ ಲ್ಯಾಟಿನ್ ಅಮೆರಿಕದವರೆಗೆ ರಸ್ತೆಯ ಅಂಚು, ಕಾಲುವೆಯ ದಂಡೆ ಕುಸಿಯದಂತೆ ತಡೆಯಲು ಲಾವಂಚ ನೆಡುತ್ತಾರೆ.

ತಂತ್ರ ಇಷ್ಟೇ. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ, ಚೋಟು ದೂರಕ್ಕೊಂದರಂತೆ ಸೀಳುಗಳನ್ನು ಮಳೆಗಾಲದ ಮೊದಲಲ್ಲಿ ನೆಡಬೇಕು. ಎರಡು-ಮೂರು ವರ್ಷದಲ್ಲಿ ಬುಡಗಳು ಒಂದಕ್ಕೊಂದು ಕೂಡಿ ಗೋಡೆಯಾಗುತ್ತವೆ. ಓಡುವ ನೀರು ಆ ಗೋಡೆಗೆ ಬಂದು ವೇಗ ಕಳೆದುಕೊಳ್ಳುತ್ತದೆ, ಹೊತ್ತ ಮಣ್ಣನ್ನು ಅಲ್ಲೇ ಇಳಿಸಿ, ಮೆಲ್ಲಗೆ ಸೋಸಿ ಮುಂದೆ ಹೋಗುತ್ತದೆ. ನೆಡುವಾಗ ನಡುವೆ ಒಂದು ಗಿಡ ಸತ್ತು ಸಂದಿ ಉಳಿದರೆ ನೀರೆಲ್ಲ ಆ ಸಂದಿಗೇ ನುಗ್ಗಿ ಮೊದಲಿಗಿಂತ ದೊಡ್ಡ ಕೊರಕಲು ಮಾಡುತ್ತದೆ. ಬಹಳ ಕಡೆ ಸರ್ಕಾರದ ನೆಡುವಿಕೆ ಕೆಟ್ಟದ್ದು ಇಲ್ಲಿ: ನೆಟ್ಟ ವರ್ಷ ಫೋಟೊ ತೆಗೆದರು, ಮರುವರ್ಷ ಸಂದಿ ತುಂಬಲು ಯಾರೂ ಬರಲಿಲ್ಲ.

ಹಾಗಾದರೆ ಮಕ್ತಲಿನ ರೈತ ಇದನ್ನು ಎಣ್ಣೆಗಾಗಿ ಬೆಳೆಯಬಹುದೇ? ಬೆಳೆ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಬಿಸಿಲು, ನೀರಿನ ಅಭಾವ, ನಾಲ್ಕು ದಿನ ನೀರು ನಿಂತರೂ ತಾಳುವ ಶಕ್ತಿ ಅದಕ್ಕಿದೆ. ಸುಗಂಧಸಸ್ಯಗಳ ಸಂಶೋಧನೆ ನಡೆಸುವ ಲಖನೌದ ಸಿಮ್ಯಾಪ್ ಸಂಸ್ಥೆ ಧಾರಿಣಿ, ಗುಲಾಬಿ, ಕೇಸರಿ, ಸಿಮ್-ವೃದ್ಧಿ ಮುಂತಾದ ತಳಿಗಳನ್ನು ಬಿಡುಗಡೆ ಮಾಡಿದೆ. ಅದರ ಕೇಂದ್ರಗಳು ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ಇವೆ. ಲ್ಯಾವೆಂಡರ್ ಬೆಳೆಸಿದ ಅದೇ ಅರೋಮಾ ಮಿಷನ್ ಪಟ್ಟಿಯಲ್ಲಿ ಲಾವಂಚವೂ ಇದೆ. ಆದರೆ ಲೆಕ್ಕ ಹಾಕಿ ಇಳಿಯಬೇಕು. ನೆಟ್ಟ ಮೇಲೆ ಬೇರು ಅಗೆಯಲು ಒಂದರಿಂದ ಒಂದೂವರೆ ವರ್ಷ ಕಾಯಬೇಕು. ಹೆಕ್ಟೇರಿಗೆ ಸಿಗುವ ಎಣ್ಣೆ ಸಾಮಾನ್ಯವಾಗಿ 15ರಿಂದ 25 ಕಿಲೋ. ಭಟ್ಟಿ ಇಳಿಸುವುದಕ್ಕೆ ಹಗಲು-ರಾತ್ರಿ ಉರಿ ಬೇಕು. ಲ್ಯಾವೆಂಡರ್ ಹೂವಿನಂತೆ ಒಂದೆರಡು ಗಂಟೆಯಲ್ಲಿ ಕೆಲಸ ಮುಗಿಯುವುದಿಲ್ಲ. ಜಗತ್ತಿನ ಎಣ್ಣೆಯ ಬೆಲೆ ಬಹುಮಟ್ಟಿಗೆ ಹೈಟಿಯ ಬೆಳೆಯ ಮೇಲೆ ನಿಂತಿದೆ, ಅಲ್ಲಿ ಭೂಕಂಪವೋ ದಂಗೆಯೋ ಆದರೆ ಏರುತ್ತದೆ, ಸುಧಾರಿಸಿದರೆ ಇಳಿಯುತ್ತದೆ.

ಎಲ್ಲಕ್ಕಿಂತ ಖರ್ಚಿನ ಬಾಬತ್ತು ಅಗೆತ. ಮರಳುಮಿಶ್ರಿತ ನೆಲದಲ್ಲಿ ಬೇರು ಸಲೀಸಾಗಿ ಬರುತ್ತದೆ. ಎರೆಮಣ್ಣಿನಲ್ಲಿ ಅರ್ಧ ಕೈಗೆ, ಅರ್ಧ ನೆಲಕ್ಕೆ. ಪಾಲಮೂರು (ಮಹಬೂಬ್‌ನಗರ) ಕೂಲಿಕಾರರೆಂದು ದೇಶದ ಅಣೆಕಟ್ಟು, ಕಾಲುವೆಗಳ ಮಣ್ಣು ಅಗೆದು ಹೆಸರಾದವರ ಸೀಮೆ ಇದು. ಅಗೆಯಲು ಬರುವ ಕೈಗಳಿಗೆ ಇಲ್ಲಿ ಬರವಿರಲಿಲ್ಲ. ಇಂದು ಆ ಕೈಗಳು ಗದ್ವಾಲದ ಸೀಡ್ ಹತ್ತಿಯ ಹೊಲಗಳಲ್ಲಿ, ಇಲ್ಲವೇ ಹೈದರಾಬಾದಿನ ಕಟ್ಟಡಗಳಲ್ಲಿವೆ. ಕೂಲಿ ಕೊಟ್ಟು ಅಗೆಸಿದರೆ ಎಣ್ಣೆಯ ಲಾಭ ಎಷ್ಟು ಉಳಿದೀತು? ಎರಡನೆಯ ತೊಡಕೂ ಇದೆ. ಬೇರು ನೆಲದಲ್ಲಿದ್ದರೆ ಮಣ್ಣಿಗೆ ಕಾವಲು, ಕಿತ್ತರೆ ಎಣ್ಣೆ. ಹೊಳೆದಂಡೆಯ ಇಳಿಜಾರಿನಲ್ಲಿ ಎಣ್ಣೆಯ ಆಸೆಗೆ ಬೇರು ಅಗೆದವನು ಮುಂದಿನ ನೆರೆಗೆ ತನ್ನ ಹೊಲವನ್ನೇ ಅಗೆದು ಕೊಟ್ಟಂತೆ. ಎರಡೂ ಲಾಭವನ್ನು ಒಂದೇ ಸಾಲಿನಿಂದ ಕೊಡಿಸುತ್ತೇವೆಂದು ಹೇಳುವ ಏಜೆಂಟರ ಮಾತಿಗೆ ಕಿವಿಗೊಡಬಾರದು.

ನನ್ನ ಅಭಿಪ್ರಾಯ ಹೀಗಿದೆ. ಎಣ್ಣೆಯ ಬೆಳೆಯಾಗಿ ಎಕರೆಗಟ್ಟಲೆ ಹಾಕುವುದು ಭಟ್ಟಿಯೂ ಖರೀದಿದಾರನೂ ಕೈಯಲ್ಲಿದ್ದವರಿಗೆ ಮಾತ್ರ. ಉಳಿದವರು ಬದುವಿಗೆ, ಹಳ್ಳದ ಅಂಚಿಗೆ, ಕೃಷಿಹೊಂಡದ ಸುತ್ತ ಹಾಕಲಿ. ಆ ಸಾಲನ್ನು ಎಂದಿಗೂ ಅಗೆಯದಿರಲಿ. ಬೇರು ಬೇಕಿದ್ದರೆ ಹಿತ್ತಿಲ ಮರಳುಮಣ್ಣಿನಲ್ಲಿ, ಅಥವಾ ಹಳೆಯ ಗೊಬ್ಬರದ ಚೀಲಗಳಲ್ಲಿ ಮರಳು-ಮಣ್ಣು ತುಂಬಿ ಬೇರೆಯಾಗಿ ಬೆಳೆಸಬಹುದು; ಚೀಲ ಸೀಳಿದರೆ ಒಂದು ಎಳೆಯೂ ಮುರಿಯದೆ ಬೇರು ಸಿಗುತ್ತದೆ, ಕೂಲಿಯೂ ಬೇಡ. ಉತ್ತರ ಕನ್ನಡದಲ್ಲಿ ಲಾವಂಚದ ಹಾರ, ಬೀಸಣಿಗೆ, ದೇವರ ಮೂರ್ತಿಗಳನ್ನು ಹೆಣೆದು ಸಂಪಾದಿಸುವ ಹೆಂಗಸರಿದ್ದಾರೆ. ನಾರಾಯಣಪೇಟೆ, ಗದ್ವಾಲದ ಸೀರೆಗಳೆರಡಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಕೊಂಡವರಿಗೆ ಕಾಗದದ ಡಬ್ಬಿಯ ಜೊತೆ ಇದೇ ಸೀಮೆಯಲ್ಲಿ ಬೆಳೆದ ಬೇರಿನದೊಂದು ಪುಟ್ಟ ಚೀಲವಿಟ್ಟು ಕೊಡಲು ನೇಕಾರರ ಸಂಘಗಳಿಗೆ ಎಷ್ಟು ಖರ್ಚಾದೀತು? ಗುಳಿಗೆ ಇಡಬೇಡಿ ಎಂದು ಹೇಳಿ ಕಳಿಸುವುದಕ್ಕಿಂತ ಏನಿಡಬೇಕೆಂದು ಕೈಯಲ್ಲಿ ಕೊಟ್ಟು ಕಳಿಸುವುದು ಮೇಲು.

ನೆಡಬೇಕೆನ್ನುವವರು ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಸೀಳು ಸಿದ್ಧಮಾಡಿಕೊಳ್ಳಿ. ಎಲೆಯನ್ನು ಗೇಣುದ್ದ ಉಳಿಸಿ ಕತ್ತರಿಸಿ, ಒಂದೊಂದು ಸೀಳಿನಲ್ಲೂ ಎರಡು-ಮೂರು ಕುಡಿ ಇರುವಂತೆ ನೋಡಿಕೊಂಡು, ನೆಟ್ಟ ಮೊದಲ ತಿಂಗಳು ಮಳೆ ಕೈಕೊಟ್ಟರೆ ನೀರು ಹಾಕಿ. ಮರುವರ್ಷ ಸಂದಿ ತುಂಬುವುದನ್ನು ಮಾತ್ರ ಮರೆಯಬೇಡಿ.